ಅತ್ತೆ ಮತ್ತು ಆರು ಕೂಗಿನ ದೆವ್ವಗಳು

ನಮ್ಮ ಅತ್ತೆಯನ್ನು ಕರೆದುಕೊಂಡು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೊರಟ ಆ ದಿನ ಏನೇನು ಕೆಡಬಹುದಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ರೈಲು ಗೋದಾವರಿ ಸೇತುವೆಯ ನಟ್ಟನಡುವೆ ಕೆಟ್ಟು ನಿಲ್ಲಬಹುದಿತ್ತು. ಕುತ್ತಿಗೆ ಕಚ್ಚಿ ರಕ್ತ ಹೀರುವ ವಿಧಾನವನ್ನು ಅತ್ತೆ ಎದುರು ಸೀಟಿನವರಿಗೆ ವಿವರಿಸಿ, ಅವರು ಚೈನು ಎಳೆಯಬಹುದಿತ್ತು. ಹಾಸ್ಟೆಲಿನ ವಾರ್ಡನ್ ನಮ್ಮ ಚೀಲ ಬಿಡಿಸಿ, ಚಕ್ಕುಲಿ ಡಬ್ಬಿಯ ಕೆಳಗಿನ ಕಳ್ಳಮಾಲು ಹಿಡಿದು, ಅಜ್ಜಿಯ ತಪ್ಪಿಗೆ ಮೊಮ್ಮಗಳನ್ನು ಮನೆಗೆ ಅಟ್ಟಬಹುದಿತ್ತು. ಮಗಳು ನನ್ನನ್ನು ಕಂಡೊಡನೆ ಅತ್ತು, “ಕರ್ಕೊಂಡು ಹೋಗಮ್ಮ” ಎನ್ನಬಹುದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಏನೂ ಅನ್ನದೆ ಸುಮ್ಮನೆ ಕೂರಬಹುದಿತ್ತು. ಇವನ್ನೆಲ್ಲ ನಾನು ಹಿಂದಿನ ವಾರವೇ ಒಂದೊಂದಾಗಿ ಅನುಭವಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಏನನ್ನೂ ಕೊನೇ ಗಳಿಗೆಗೆ ಬಿಡುವವಳಲ್ಲ!

ಇನ್ನು ನಮ್ಮ ಅತ್ತೆ. ವಯಸ್ಸು ಎಪ್ಪತ್ತರ ಹತ್ತಿರ, ಸಹವಾಸ ಮಾತ್ರ ಹದಿನಾರರ ಪಿಶಾಚಿಗಳದ್ದು! ಅವರ ಓರಗೆಯ ಹೆಂಗಸರು ಎಂವಿಪಿ ಕಾಲೋನಿಯ ಪಾರ್ಕಿನಲ್ಲಿ ಲಲಿತಾ ಸಹಸ್ರನಾಮ ಹೇಳಿಕೊಳ್ಳುತ್ತಿದ್ದರೆ, ಇವರು ಬಾಲ್ಕನಿಯಲ್ಲಿ ಕಾಲು ಚಾಚಿ, ಹರೆಯದ ಹುಡುಗಿಯರಿಗೆಂದು ಬರೆದ ಇಂಗ್ಲಿಷ್ ದೆವ್ವದ ಕಾದಂಬರಿಗಳನ್ನೂ ಪತ್ತೇದಾರಿ ಕಾದಂಬರಿಗಳನ್ನೂ ಓದುತ್ತಿದ್ದರು. ಮೈಸೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದವರು ಬೇರೆ. ಓದಿ ಸುಮ್ಮನಿರುವ ಪೈಕಿಯೇ? ತಿದ್ದಿ ಮಾರ್ಕ್ಸ್ ಕೊಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಮಾರ್ಕ್ಸ್ ಕೊಡುವ ವಿಧಾನವೂ ಅವರದೇ. ಬೇಳೆಗೆ ಕುಕ್ಕರ್ ಇಟ್ಟು ಪುಸ್ತಕ ಹಿಡಿಯುವುದು. ಮೊದಲ ಕೂಗಿಗೇ ತಲೆ ಎತ್ತಿದರೆ ಅದು ಒಂದು ಕೂಗಿನ ಪುಸ್ತಕ, ಎಂದರೆ ದಂಡ. ಮೂರನೆಯ ಕೂಗಿಗೆ ಸರಿಯಾಗಿ ಎದ್ದು ಒಲೆ ಆರಿಸಿದರೆ ಪರವಾಗಿಲ್ಲ. ಆರು ಕೂಗು ಕೂಗಿ, ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟಿದರೆ ಅದು ಮಹಾಕೃತಿ! ಹೀಗಾಗಿ ನಮ್ಮ ಮನೆಯಲ್ಲಿ ಸಾಹಿತ್ಯ ಉತ್ತಮವಾದಷ್ಟೂ ಸಾರು ಅಧ್ವಾನವಾಗುತ್ತಿತ್ತು. ಕಾರ್ಖಾನೆಯಿಂದ ಸುಸ್ತಾಗಿ ಬಂದ ನಮ್ಮವರು ತಟ್ಟೆಯ ಮುಂದೆ ಕೂತು ಕೈ ಮುಗಿಯುತ್ತಿದ್ದರು: “ಅಮ್ಮಾ, ನಾಳೆ ಒಂದು ದಿನ ಯಾವುದಾದ್ರೂ ಕೆಟ್ಟ ಪುಸ್ತಕ ಓದಮ್ಮ.”

ದ್ವಾರಕಾ ನಗರದ ಬಾಡಿಗೆ ಪುಸ್ತಕದ ಅಂಗಡಿಯಾತನಿಗೆ ಅತ್ತೆಯ ಮಾತೇ ವೇದ. “ಮಾಮ್ಮಗಾರು, ಇದಿ ಎನ್ನಿ ವಿಜಿಲ್ಸ್?” ಎಂದು ಎಷ್ಟು ಕೂಗಿನದೆಂದು ಕೇಳಿ, ಪುಸ್ತಕದ ಬೆನ್ನಿಗೆ ಅಷ್ಟು ಚುಕ್ಕಿ ಅಂಟಿಸುತ್ತಿದ್ದ. ಕೋಚಿಂಗ್ ಮುಗಿಸಿ ಬಂದ ಹುಡುಗಿಯರು ಅತ್ತೆಯ ಸುತ್ತ ನಿಂತು ತೀರ್ಪು ಕೇಳುತ್ತಿದ್ದರು. ಹುಣ್ಣಿಮೆ ರಾತ್ರಿ ತೋಳನಾಗಿ ಬದಲಾಗುವ ಒಬ್ಬ ಹುಡುಗನ ಕತೆಗೆ ಅವರು ಕೊಟ್ಟ ತೀರ್ಪು ನನಗಿನ್ನೂ ನೆನಪಿದೆ.

“ಅವನ ತಾಯಿಗೆ ಪಂಚಾಂಗ ನೋಡೋಕೆ ಬರಲ್ವೇನ್ರೇ? ಹುಣ್ಣಿಮೆ ಯಾವತ್ತು ಅಂತ ಮೊದಲೇ ಗೊತ್ತಿರುತ್ತೆ. ಸಾಯಂಕಾಲ ಸ್ನಾನ ಮಾಡಿಸಿ, ಸತ್ಯನಾರಾಯಣ ಪೂಜೆಗೆ ಕೂರಿಸಿದ್ರೆ ಮುಗೀತು. ಅಷ್ಟಕ್ಕೆ ನಾನೂರು ಪುಟ ಯಾಕೆ? ಎರಡು ಕೂಗು!”

ಪತ್ತೇದಾರಿಕೆಯಲ್ಲಿ ಅವರದು ಒಂದೇ ಸೂತ್ರ. ಗಲಾಟೆ ಮಾಡುವವರನ್ನು ಬಿಡು, ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದವರನ್ನು ಹಿಡಿ! ಈ ಸೂತ್ರದಿಂದ ಅವರು ನಮ್ಮ ಅಪಾರ್ಟ್‌ಮೆಂಟಿನ ಹಾಲು ಕಳ್ಳನನ್ನು ಹಿಡಿದಿದ್ದರು. ಆತ ಸಂಘದ ಕಾರ್ಯದರ್ಶಿಯೇ ಆಗಿದ್ದರಿಂದ ವಿಷಯ ಅಲ್ಲಿಗೇ ನಿಂತಿತು.

ನನ್ನ ಮಗಳು ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದಲು ವಿಜಯವಾಡದ ಹಾಸ್ಟೆಲ್ ಸೇರಿದ ವರ್ಷ ಅದು. ಮೊಬೈಲು ಊರಿಗೆಲ್ಲ ಬಂದಿದ್ದರೂ ಹಾಸ್ಟೆಲಿನ ಒಳಗೆ ಬಂದಿರಲಿಲ್ಲ. ಭಾನುವಾರ ವರಾಂಡದ ಒಂದು ಫೋನಿಗೆ ಹುಡುಗಿಯರೆಲ್ಲ ಸಾಲು ನಿಲ್ಲಬೇಕು. ಕತೆ ಪುಸ್ತಕಕ್ಕಂತೂ ಪೂರ್ತಿ ನಿಷೇಧ. ಹಾಗಾಗಿ ಭಾನುವಾರದ ಫೋನಿನಲ್ಲಿ ಅತ್ತೆ ಆ ವಾರ ಓದಿದ ದೆವ್ವದ ವಿಮರ್ಶೆ ಒಪ್ಪಿಸುತ್ತಿದ್ದರು, ಮೊಮ್ಮಗಳು ವಾದ ಹೂಡುತ್ತಿದ್ದಳು. ನನ್ನ ಪಾಲಿಗೆ ಉಳಿಯುತ್ತಿದ್ದದ್ದು, “ತಲೆಗೆ ಎಣ್ಣೆ ಹಚ್ಕೋತೀಯಾ?” ಎಂಬಷ್ಟು.

ಆಮೇಲಾಮೇಲೆ ಮಗಳ ಮಾತು ಸಣ್ಣಗಾಯಿತು. ಏನು ಕೇಳಿದರೂ, “ಬಾಗಾನೇ ಉನ್ನಾ ಅಜ್ಜಿ.” ಚೆನ್ನಾಗಿಯೇ ಇದ್ದಾಳಂತೆ. ಅತ್ತೆ ಅಂಥದೇ ಮೂರನೆಯ ಭಾನುವಾರ ಫೋನಿಟ್ಟು, ಕನ್ನಡಕ ತೆಗೆದರು.

“ಚೆನ್ನಾಗಿದೀನಿ ಅಂತ ಮೂರು ಸಲ ಹೇಳಿದವರು ಯಾವ ಪುಸ್ತಕದಲ್ಲೂ ಚೆನ್ನಾಗಿರಲ್ಲ ಕಣೆ. ಟಿಕೆಟ್ ಮಾಡಿಸು.”

ಹೊರಟೆವು. ದುವ್ವಾಡ ದಾಟುವುದರೊಳಗೆ ನಾನು ಚೀಲ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅದರೊಳಗೆ ಒಂದು ಆರು ಕೂಗಿನ ಪುಸ್ತಕವಿತ್ತು. ರಕ್ಷಾಪುಟದಲ್ಲಿ ಸುಣ್ಣದಂತೆ ಬಿಳಿಚಿಕೊಂಡ ಹುಡುಗ, ತುಟಿಯ ಅಂಚಿನಲ್ಲಿ ಕೆಂಪು. ಅತ್ತೆ ಅದಕ್ಕೆ ಅಚ್ಚುಕಟ್ಟಾಗಿ ಖಾಕಿ ಬೈಂಡು ಹಾಕಿ, ಮೇಲೆ ‘ಬಯಾಲಜಿ’ ಎಂದು ಬರೆದಿದ್ದರು. ಅನ್ನವರಂ ಬಂದಾಗ ಬೆಟ್ಟದ ಮೇಲಿನ ಸತ್ಯನಾರಾಯಣಸ್ವಾಮಿಗೆ ಇಬ್ಬರೂ ಕೈ ಮುಗಿದೆವು. ನಾನು ಮಗಳ ಹೆಸರು ಹೇಳಿಕೊಂಡೆ. ಅತ್ತೆ ಆ ತೋಳದ ಹುಡುಗನನ್ನೂ ಸೇರಿಸಿಕೊಂಡರೆಂದು ನನ್ನ ಗುಮಾನಿ!

ಹಾಸ್ಟೆಲಿನ ಬಾಗಿಲಲ್ಲಿ ವಾರ್ಡನಮ್ಮ ಚೀಲ ಬಿಡಿಸಿದರು. ಚಕ್ಕುಲಿ ನೋಡಿದರು, ಪುಸ್ತಕ ನೋಡಿದರು, ರಿಜಿಸ್ಟರಿನಲ್ಲಿ ಮಗಳ ಹೆಸರಿನ ಮುಂದೆ ಏನಿದೆಯೆಂದು ನೋಡಿದರು.

“ಎಂಪಿಸಿ ಅಮ್ಮಾಯಿಕಿ ಬಯಾಲಜಿ ಎಂದುಕಮ್ಮಾ?”

ಹೌದಲ್ಲ! ಮಗಳು ಓದುತ್ತಿದ್ದದ್ದು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ. ಅವಳಿಗೆ ಬಯಾಲಜಿ ಯಾಕೆ? ಇಷ್ಟೆಲ್ಲ ಚಿಂತಿಸಿದ ನನಗೆ ಇದೊಂದು ಚಿಂತೆ ಹೊಳೆಯದೇ ಹೋಯಿತಲ್ಲ!

ಅತ್ತೆ ರೆಪ್ಪೆ ಅಲುಗಿಸಲಿಲ್ಲ. ತಮ್ಮ ಕನ್ನಡಕ್ಕೆ ಒಂದು ತೆಲುಗು ಬಾಲ ಅಂಟಿಸಿ ಹೇಳಿದರು: “ಇಂಜಿನಿಯರ್ ಆದ್ರೂ ಮೈಯಲ್ಲಿ ರಕ್ತ ಇರಬೇಕು ಕದಂಡೀ!”

ವಾರ್ಡನಮ್ಮ ಫಕ್ಕನೆ ನಕ್ಕು, ಚೀಲ ಮುಚ್ಚಿದರು.

ಭೇಟಿಯ ಹಾಲ್ ತುಂಬ ಅಪ್ಪ ಅಮ್ಮಂದಿರು, ಟಿಫಿನ್ ಡಬ್ಬಿಗಳು. ಮಗಳು ಬಂದು ನಮ್ಮಿಬ್ಬರ ನಡುವೆ ಕೂತಳು. ಕೆನ್ನೆ ಇಳಿದಿತ್ತು. ನಾನು ಏನು ಕೇಳಿದರೂ ತಲೆಯಾಡಿಸಿದಳು. ಕೊನೆಗೆ ಅತ್ತೆ, “ಫೋನಲ್ಲಿ ಯಾಕೆ ಮಾತಾಡಲ್ವೇ ಪುಟ್ಟಿ? ನಿಜ ಹೇಳು,” ಎಂದಾಗ ಚೂಡಿದಾರದ ವೇಲು ಸುತ್ತುತ್ತ, ಪಕ್ಕದವರ ಕಿವಿಗೆ ಬೀಳದಷ್ಟು ಮೆಲ್ಲಗೆ ಹೇಳಿದಳು. “ಹಿಂದೆ ಲೈನಲ್ಲಿ ಎಲ್ಲರೂ ನಿಂತಿರ್ತಾರೆ ಅಜ್ಜಿ. ನನ್ನ ಕನ್ನಡ ಕೇಳಿ ನವ್ವುತಾರೆ. ಆಮೇಲೆ ರೂಮಲ್ಲಿ ನನ್ನ ಥರ ಮಾತಾಡಿ ತೋರಿಸ್ತಾರೆ. ಯಾರೂ ನನ್ನ ಜೊತೆ ಕೂರಲ್ಲ.”

ನನಗೆ ಕೂಡಲೇ ಟಿ.ಸಿ. ತೆಗೆಸಿಬಿಡುವ ಮನಸ್ಸಾಯಿತು. ಅತ್ತೆ ಮಾಡಿದ್ದೇನು ಗೊತ್ತೇ? ಸೆರಗು ಸಿಕ್ಕಿಸಿ, ನಲವತ್ತು ಮಕ್ಕಳ ತರಗತಿಗೆ ಕೇಳಿಸುವ ಹಳೆಯ ಗಂಟಲಲ್ಲಿ, ಅಪ್ಪಟ ಮೈಸೂರು ಕನ್ನಡದಲ್ಲಿ ಆರು ಕೂಗಿನ ಕತೆ ಶುರುಮಾಡಿದರು! ಬಿಳಿಚಿದ ಹುಡುಗ ಕಿಟಕಿಯಿಂದ ಬಂದ, ಬಗ್ಗಿದ, ಕುತ್ತಿಗೆ ಮೂಸಿದ. ಕೈ, ಕಣ್ಣು, ಹಲ್ಲು ಎಲ್ಲವೂ ಅಭಿನಯ. ನಾನು ಕುರ್ಚಿಯಲ್ಲಿ ಕುಗ್ಗಿದೆ. ಮಗಳು, “ಅಜ್ಜೀ, ಮೆಲ್ಲಗೆ,” ಎಂದು ಕೆಂಪಾದಳು. ಪಕ್ಕದ ಬೆಂಚಿನ ಹುಡುಗಿಯರು ಡಬ್ಬಿ ಬಿಟ್ಟು ಹತ್ತಿರ ಸರಿದರು. ಹುಡುಗ ಬಾಯಿ ತೆರೆದಲ್ಲಿಗೆ ಅತ್ತೆ ಟಕ್ಕನೆ ನಿಲ್ಲಿಸಿ, ನೀರು ಕುಡಿದರು.

“ಏಮೈಂದೇ? ಮೀ ಮಾಮ್ಮ ಏಮಂಟೋಂದಿ? ಚೆಪ್ಪವೇ!” ಏನಾಯಿತು, ನಿಮ್ಮಜ್ಜಿ ಏನೆನ್ನುತ್ತಿದ್ದಾರೆ, ಹೇಳೇ! ಒಬ್ಬಳು ಮಗಳ ತೋಳನ್ನೇ ಅಲುಗಿಸಿದಳು.

ಹೇಳಲು ಅಲ್ಲಿ ಇನ್ಯಾರಿದ್ದರು? ಮಗಳು ಮೊದಲು ತೊದಲಿದಳು. ಆಮೇಲೆ ಅಜ್ಜಿ ಒಂದು ಮಾತು ಕನ್ನಡದಲ್ಲಿ, ಮೊಮ್ಮಗಳು ಅದಕ್ಕೆ ನಾಲ್ಕು ಮಾತು ತೆಲುಗಿನಲ್ಲಿ, ಎರಡು ರಕ್ತದ ಹನಿ ಹೆಚ್ಚಿಗೆ ಸೇರಿಸಿ! ‘ಬಯಾಲಜಿ’ ಯಾವಾಗಲೋ ಕೈಯಿಂದ ಕೈಗೆ ದಾಟಿ ಮಾಯವಾಗಿತ್ತು. ಚಕ್ಕುಲಿಯೂ.

“ಮನ ಹಾಸ್ಟೆಲ್‌ ದೆಯ್ಯಂ ಗುರಿಂಚಿ ಚೆಪ್ಪವೇ,” ಎಂದು, ತಮ್ಮ ಹಾಸ್ಟೆಲಿನ ದೆವ್ವದ ಕತೆಯನ್ನೂ ಅಜ್ಜಿಗೆ ಹೇಳೆಂದು ಹುಡುಗಿಯರು ದುಂಬಾಲು ಬಿದ್ದರು. ಈಗ ಕತೆ ಆ ಕಡೆಯಿಂದ ಈ ಕಡೆಗೆ ಹರಿಯತೊಡಗಿತು. ಎಲ್ಲರೂ ಒಟ್ಟಿಗೆ ಕಿರುಚುವುದು, ಮಗಳು ಕೈಯೆತ್ತಿ ಸುಮ್ಮನಿರಿಸಿ ಅಜ್ಜಿಗೆ ಕನ್ನಡದಲ್ಲಿ ಒಪ್ಪಿಸುವುದು. ಬೀಗ ಹಾಕಿದ ಟ್ರಂಕುಗಳಲ್ಲಿ ಆವಕಾಯ ಉಪ್ಪಿನಕಾಯಿ ಖಾಲಿಯಾಗುತ್ತಿದೆಯಂತೆ! ಬೀಗ ಹಾಕಿದ್ದು ಹಾಕಿದ ಹಾಗೇ ಇರುತ್ತದಂತೆ!

“ಕಾಲಿನ ಗುರುತು ಇತ್ತೇನೇ?” ಅತ್ತೆ ಮುಂದಕ್ಕೆ ಬಾಗಿದರು.

“ಇತ್ತು ಅಜ್ಜಿ. ಎಣ್ಣೆದು. ಮಹಡಿ ಮೆಟ್ಟಿಲವರೆಗೂ. ಆದ್ರೆ ಒಂದೇ ಕಾಲು! ನಿನ್ನೆ ನಾವು ಬಾಗಿಲ ಹಿಂದೆ ಕಾವಲು ಕೂತ್ವಿ. ಅಪ್ಪುಡು ಮೆಟ್ಟಿಲ ಮೇಲೆ...”

ಆಗಷ್ಟೇ ‘ಯಾರೂ ನನ್ನ ಜೊತೆ ಕೂರಲ್ಲ’ ಎಂದಿದ್ದವಳು ‘ನಾವು’ ಎಂದದ್ದು ನನ್ನ ಕಿವಿಗೆ ಬಿತ್ತು. ಆ ಕಾವಲು ನಿಜವೋ, ಆ ಕ್ಷಣಕ್ಕೆ ಹುಟ್ಟಿದ್ದೋ, ನಾನು ಕೇಳಲಿಲ್ಲ. ಹುಡುಗಿಯರೂ ಇಲ್ಲವೆನ್ನಲಿಲ್ಲ, ಕನ್ನಡ ಎಷ್ಟು ತಿಳಿಯಿತೋ, ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಒಬ್ಬಳು ಮಗಳ ಹೆಗಲ ಮೇಲೆ ಗಲ್ಲ ಊರಿಕೊಂಡಿದ್ದಳು.

ಆ ದಿನ ಸೇತುವೆಯ ಮೇಲೆ ರೈಲು ನಿಲ್ಲಲಿಲ್ಲ, ಯಾರೂ ಚೈನು ಎಳೆಯಲಿಲ್ಲ, ಮಗಳು ಅಳಲಿಲ್ಲ. ಒಟ್ಟಾರೆ ಕೆಟ್ಟದ್ದು ಇಷ್ಟೇ: ಭೇಟಿಯ ಸಮಯ ಮುಗಿದ ಗಂಟೆ ಹೊಡೆಯಿತು, ಆ ಒಂಟಿ ಕಾಲು ಯಾರದೆಂದು ಹೇಳುವ ಮೊದಲೇ ನನ್ನ ಮಗಳನ್ನು ಹುಡುಗಿಯರು ಎಳೆದುಕೊಂಡು ಓಡಿಬಿಟ್ಟರು. ತಿರುಗಿ ಕೈ ಬೀಸುವುದನ್ನೂ ಮರೆತಳು.