ನಮ್ಮೂರ ಕಟ್ಟೆಯಲ್ಲಿ ಮೀನಿಗೆ ಮನೆ ಕಟ್ಟಿಸಿದ್ದು

ಮೀನು ಹಿಡಿಯುವವರಿದ್ದಾರೆ, ಮಾರುವವರಿದ್ದಾರೆ, ತಿನ್ನುವವರಿಗಂತೂ ಲೆಕ್ಕವೇ ಇಲ್ಲ. ಆದರೆ ಮೀನಿಗೆ ಮನೆ ಕಟ್ಟಿಸಿಕೊಟ್ಟವನು ಪಾಂಡವಪುರ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂದು ಸವಿನಯವಾಗಿ ತಿಳಿಸುತ್ತೇನೆ.

ನನ್ನ ಹೆಂಡತಿ ಜಯಮ್ಮ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಗಳು ಕೆಲಸಕ್ಕೆ ಹೋಗುತ್ತಾಳೆ, ಮೊಮ್ಮಗಳನ್ನು ನೋಡಿಕೊಳ್ಳಲು ಅಜ್ಜಿ ಬೇಕು. ಇಲ್ಲಿ ಎರಡು ಹಸುಗಳನ್ನು ನೋಡಿಕೊಳ್ಳಲು ನಾನು ಬೇಕು. ಸಂಜೆ ಹಾಲು ಡೇರಿಗೆ ಹಾಕಿ ಬಂದರೆ ಮನೆಯಲ್ಲಿ ಮಾತಾಡಿಸಲು ಆ ಹಸುಗಳೇ ಗತಿ. ಅವೂ ಈಚೆಗೆ ನನ್ನ ದನಿ ಕೇಳಿದರೆ ಮುಖ ತಿರುಗಿಸುತ್ತವೆ. ಜಯಮ್ಮ ಆಗೀಗ ಫೋನು ಮಾಡುತ್ತಾಳೆ. ಊಟ ಆಯಿತೇ, ಆಯಿತು. ಹಸು ಹೇಗಿದೆ, ಇದೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಒಂದು ದಿನ ಅವಳು ಹೊಸದೊಂದು ಪ್ರಶ್ನೆ ಕೇಳಿದಳು. ಕಟ್ಟೆಯಲ್ಲಿ ಬಟ್ಟೆ ಒಗೆಯುವಾಗ ಸಣ್ಣ ಮೀನುಗಳು ಬಂದು ಕಾಲು ಕಚ್ಚುತ್ತಿದ್ದವಲ್ಲ, ಈಗಲೂ ಇದ್ದಾವಾ ಎಂದು. ಹೂಳೆತ್ತಿದ ಮೇಲೆ ಅವು ಆ ಕಡೆ ಸುಳಿದಿಲ್ಲ ಎಂದೆ. ಅವಳ ದನಿ ಸಣ್ಣಗಾಯಿತು. ಮೀನು ಬಂದರೆ ಇವಳೂ ಬರುತ್ತಾಳೆ ಎಂದು ನನ್ನ ತಲೆಗೆ ಹೊಳೆದುಬಿಟ್ಟಿತು!

ಮೊದಲು ಒಗೆಯುವ ಕಲ್ಲಿನ ಪಕ್ಕ ನೀರೊಳಗೆ ಕಪ್ಪೆಚಿಪ್ಪು ಅಂಟಿಕೊಂಡ ಒಂದು ಕಲ್ಲುಗುಡ್ಡೆ ಇತ್ತು. ಮೀನುಗಳ ಸಂಸಾರವೆಲ್ಲ ಅದರ ಸಂದಿಗಳಲ್ಲೇ. ಹೂಳಿನ ಜೊತೆ ಅದೂ ಹೋಗಿತ್ತು. ಅದನ್ನೇ ಮತ್ತೆ ಕಟ್ಟಿದರಾಯಿತು, ಇದೇನು ಮಹಾ! ಚಿನಕುರಳಿ ಕಡೆಯ ಕ್ವಾರಿಯಿಂದ ಬೇಡದ ಕಲ್ಲುಗಳನ್ನು ಪಕ್ಕದ ಮನೆಯ ನಿಂಗಣ್ಣನ ಟ್ರಾಕ್ಟರಿನಲ್ಲಿ ತಂದೆ. ಹೂಳು ಸುರಿದಿದ್ದ ಹೊಲದಿಂದ ಚಿಪ್ಪು ಆರಿಸಿ ತಂದೆ. ಗುಡ್ಡೆ ಭವ್ಯವಾಗಿ ಎದ್ದಿತು. ಆದರೆ ಸುತ್ತ ಜೊಂಡು, ಪಾಚಿ, ಕಸ. ಹೊಸ ಮನೆಯ ಮುಂದೆ ಇಂಥ ಅಂಗಳವೇ? ಜಯಮ್ಮ ನೋಡಿದರೆ ಬೈಯುತ್ತಾಳೆಂದು ಕುಡುಗೋಲು ಹಿಡಿದು ಎಲ್ಲವನ್ನೂ ಬುಡಸಮೇತ ಕಿತ್ತೆ. ರಂಗೋಲಿಯೊಂದು ಬಾಕಿ.

ದಡದಲ್ಲಿ ನಿಂತು ನೋಡುತ್ತಿದ್ದ ನಿಂಗಣ್ಣ, "ಗೃಹಪ್ರವೇಶ ಯಾವತ್ಲಾ?" ಎಂದ.

ಅಂದೇ ಸಂಜೆ ಜಯಮ್ಮನಿಗೆ ಮೀನು ಬಂದಿವೆ ಎಂದೆ. ನಾನು ಕಂಡದ್ದು ಒಂದು ನೆರಳು, ಅದು ನನ್ನದೇ ಇರಬಹುದು. ಎಷ್ಟಿವೆ ಎಂದು ಕೇಳಿದಳು. ಕಾಲಿಡಲು ಜಾಗವಿಲ್ಲ ಎಂದೆ.

"ಅಂಗಾರೆ ಭಾನ್ವಾರ ಮಗೀನ್ ಎತ್ಕೊಂಡು ಬತ್ತೀನಿ" ಎಂದಳು. ನನಗೆ ಖುಷಿಯೂ ಆಯಿತು, ಜ್ವರವೂ ಬಂತು.

ಮೀನಿನ ಬದಲು ನೀರುಕಾಗೆಗಳು ಬಂದವು. ಕೂರಲು ಎತ್ತರದ ಕಲ್ಲು, ಸುತ್ತ ಕನ್ನಡಿಯಂಥ ನೀರು, ಮೀನು ಅಡಗಲು ಒಂದು ಎಸಳು ಜೊಂಡಿಲ್ಲ. ಅಪ್ಪಿತಪ್ಪಿ ಇತ್ತ ಬಂದ ಮೀನು ಸೀದಾ ಅವುಗಳ ಗಂಟಲಿಗೆ. ನಾನು ಕಟ್ಟಿಸಿದ್ದು ಮನೆಯಲ್ಲ, ಹೋಟೆಲು! ಟವೆಲ್ ಬೀಸಿ ಓಡಿಸಲು ಹೋಗಿ ಜಾರಿ ನೀರಲ್ಲಿ ಕೂತೆ. ಹಕ್ಕಿಗಳು ಸ್ವಲ್ಪ ಸರಿದು ನನಗೂ ಜಾಗ ಕೊಟ್ಟವು.

ಭಾನುವಾರ ಜಯಮ್ಮ ಬಂದಳು. ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟು, ಒಗೆಯುವ ಕಲ್ಲಿನ ಮೇಲೆ ಕೂತು ನೀರಿಗೆ ಕಾಲು ಬಿಟ್ಟಳು. ತುಂಬ ಹೊತ್ತು ಕೂತಿದ್ದಳು. ಒಂದು ಮೀನೂ ಬರಲಿಲ್ಲ. ಯಾವುದೋ ಮದುವೆಗೆ ಹೋಗಿರಬೇಕು ಎಂದೆ. ಅವಳು ನಗಲಿಲ್ಲ.

"ಸುತ್ತ ಇದ್ದುದ್ನೆಲ್ಲ ಕಿತ್ತಾಕ್ಬುಟ್ಟು ನಡುವೆ ಮನೆ ಕಟ್ಟುದ್ರೆ ಯಾವ್ ಮೀನ್ ಬತ್ತದೆ? ಮೈಸೂರ್ನಲ್ಲಿ ನನ್ಗೂ ಇಂಗೇಯ. ಮನೆ ಚೆಂದಾಗದೆ. ಬಾಗ್ಲಾಚೆ ಬಂದ್ರೆ ಮಾತಾಡ್ಸಕ್ಕೆ ಒಬ್ರಿಲ್ಲ" ಎಂದಳು.

ಇವತ್ತೊಂದು ದಿನ ಇರು ಎಂದು ಹೇಳಬೇಕೆನಿಸಿತು. ಸುಳ್ಳು ಹೇಳಿ ಕರೆಸಿದವನಿಗೆ ಬಾಯಿ ಬರಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಹೋದಳು.

ಮರುದಿನದಿಂದ ನಾಲೆಯ ಬದಿಯ ಜೊಂಡನ್ನು ಬೇರುಸಮೇತ ತಂದು ಗುಡ್ಡೆಯ ಸುತ್ತ ನೆಡತೊಡಗಿದೆ. ಭತ್ತದಂತೆ ಕಳೆಯನ್ನು ನಾಟಿ ಮಾಡಿದ ಮೊದಲ ರೈತನೆಂಬ ಕೀರ್ತಿಯೂ ನನ್ನದೇ. ಯೂರಿಯಾ ಯಾವಾಗ ಹಾಕುತ್ತೀಯ ಎಂದು ನಿಂಗಣ್ಣ ವಿಚಾರಿಸಿದ.

ಆದರೆ ಒಂದು ವಿಚಿತ್ರವಾಯಿತು. ಜೊಂಡು ನೆಡುತ್ತಿದ್ದೇನೆ ಎಂದು ಹೇಳಿದ್ದೇ ತಡ, ಜಯಮ್ಮ ದಿನಾ ಫೋನು ಮಾಡತೊಡಗಿದಳು. ಮೀನು ಬಂದವೇ ಎಂಬುದೇ ಮೊದಲ ಮಾತು. ಇಲ್ಲ ಎಂದರೆ ಆ ಬದಿಗೆ ಇನ್ನಷ್ಟು ನೆಡಿ, ಈ ಬದಿ ದಡದವರೆಗೂ ಜೊಂಡು ಕೂಡಿಸಿ ಎಂದು ಶುರು. ಅಲ್ಲಿಂದ ಮಗು, ಮಗಳು, ಅವಳ ಮಂಡಿನೋವು. ನನ್ನ ಮುದ್ದೆ ಆರಿ ಕಲ್ಲಾಗುವವರೆಗೂ ಮಾತು.

ಮೊನ್ನೆ ಸಂಜೆ ಕಲ್ಲಿನ ಮೇಲೆ ಕೂತು ಕಾಲು ಬಿಟ್ಟೆ. ಜೊಂಡಿನ ಬುಡದಿಂದ ಸಣ್ಣ ಮೀನುಗಳು ಸಾಲಾಗಿ ಬಂದು ಕಲ್ಲಿನ ಸಂದಿಗೆ ನುಗ್ಗಿದವು. ಮತ್ತೆ ಹೊರಬಂದವು. ಹಿಮ್ಮಡಿಯಲ್ಲಿ ಕಚಗುಳಿಯಾಯಿತು. ಒಬ್ಬನೇ ನಕ್ಕೆ, ಆಮೇಲೆ ಅಳುವೂ ಬಂತು. ಅಷ್ಟರಲ್ಲಿ ಫೋನು.

"ಬಂದ್ವಾ?"

ಬಂದವು ಎಂದರೆ ಒಂದು ಭಾನುವಾರ ಬರುತ್ತಾಳೆ, ನೋಡುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಬಂದಿಲ್ಲ ಎಂದರೆ ದಿನಾ ಕೇಳುತ್ತಾಳೆ.

"ಒಂದೂ ಇಲ್ಲ ಕಣೆ" ಎಂದೆ.

"ನಿಮ್ ಕೈಲಿ ಒಂದ್ ಮೀನ್ನೂ ಕರ್ಯಕ್ಕಾಗ್ನಿಲ್ವಲ್ಲ" ಎಂದು ನಕ್ಕಳು.

ಆಗಲಿಲ್ಲ, ನಾನು ದಡ್ಡ, ನೀನೇ ಹೇಳು ಎಂದು ಒಪ್ಪಿಕೊಂಡೆ. ಅವಳು ಹೇಳುತ್ತಾ ಹೋದಳು. ಮೀನುಗಳು ಕಚ್ಚುತ್ತಲೇ ಇದ್ದವು. ನಾನು ಕಾಲು ಅಲುಗಿಸದೆ ಹೂಂಗುಟ್ಟಿದೆ.