ಕಚ್ಚಿದ ನಾಯಿಯ ಖುದ್ದು ಹಾಜರಿ

ಚಳ್ಳಕೆರೆಯ ಲಸಿಕಾ ಬಾಧಾ ಪರಿಹಾರ ಶಾಖೆಯು ಸ್ಥಾಪನೆಯಾದಂದಿನಿಂದ ಒಬ್ಬ ಅರ್ಜಿದಾರನಿಗೂ ಪರಿಹಾರವನ್ನು ನಿರಾಕರಿಸಿಲ್ಲ. ಎಲ್ಲ ಅರ್ಜಿಗಳೂ ಪರಿಶೀಲನೆಯಲ್ಲಿವೆ. 1997ರಲ್ಲಿ ಮಾತ್ರ ಒಂದು ಪ್ರಕರಣದಲ್ಲಿ ಪರಿಹಾರವು ಮಂಜೂರಾಗಿಯೇ ಹೋಯಿತು. ಅದು ಹೇಗೆ ಸಂಭವಿಸಿತೆಂಬ ವಿವರ ಇಲ್ಲಿದೆ.

ದೇವಸಮುದ್ರದ ಕಡೆಯ ಕುರಿಗಾಹಿ ಪಾತಣ್ಣನನ್ನು ಬಸ್ ಸ್ಟ್ಯಾಂಡಿನಲ್ಲಿ ಒಂದು ಬೀದಿನಾಯಿ ಕಚ್ಚಿತು. ಹುಚ್ಚುನಾಯಿ ಲಸಿಕೆಯೆಂದು ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಂಡ. ಸೂಜಿ ಮುಗಿಯುವ ಹೊತ್ತಿಗೆ ಅವನ ಕಾಲುಗಳ ಬಲ ಹೋಗಿತ್ತು. ಲಸಿಕೆಯಿಂದ ಅಪರೂಪಕ್ಕೆ ಹೀಗಾಗುವುದುಂಟು ಎಂದು ವೈದ್ಯರು ಬರೆದುಕೊಟ್ಟರು. ಕೋಲೂರಿ ನಾಲ್ಕು ಹೆಜ್ಜೆ ಇಟ್ಟರೆ ಪಾತಣ್ಣ ಕೂರಬೇಕು, ಕುರಿಗಳು ಕೂರುವುದಿಲ್ಲ. ಹೆಂಡತಿ ಮೂಗಮ್ಮ ಕೂಲಿಗೂ ಹೋಗಬೇಕು, ಮಂದೆಯ ಹಿಂದೆಯೂ ಹೋಗಬೇಕು. ಕಾಲು ಬರುವವರೆಗೆ ಕುರಿಗಳ ಹಿಂದೆ ನಡೆಯಲು ಒಬ್ಬ ಆಳು ಸಿಕ್ಕರೆ ಮಂದೆ ಉಳಿಯುತ್ತದೆ, ಇಲ್ಲದಿದ್ದರೆ ಮಾರಬೇಕಾಗುತ್ತದೆ. ಅರ್ಜಿಯ ಸಾರಾಂಶ ಇಷ್ಟೆ.

ಶಾಖೆಯ ಅಧೀಕ್ಷಕರಾದ ಚಿಕ್ಕಬಸಪ್ಪನವರು ಅರ್ಜಿಯನ್ನು ಸಹಾನುಭೂತಿಯಿಂದ ಓದಿದರು.

“ನಾಯಿಗೆ ಹುಚ್ಚು ಹಿಡಿದಿತ್ತೋ?”

“ಯಾರಿಗ್ ಗೊತ್ತು ಸ್ವಾಮಿ? ಕಚ್ತು.”

“ಹಿಡಿದಿದ್ದರೆ, ಲಸಿಕೆ ನಿಮ್ಮ ಪ್ರಾಣ ಉಳಿಸಿದೆ. ಪ್ರಾಣ ಉಳಿದವರಿಗೆ ಪರಿಹಾರ ಕೊಡುವ ನಿಯಮವಿಲ್ಲ. ಹಿಡಿದಿರಲಿಲ್ಲವೆಂದರೆ, ಬೇಕಿಲ್ಲದ ಲಸಿಕೆ ಹಾಕಿಸಿಕೊಂಡಿದ್ದೀರಿ. ಅದು ಸರ್ಕಾರಿ ಸಾಮಗ್ರಿಯ ದುರ್ಬಳಕೆ.”

“ಹಂಗಾರೆ ಸತ್ತೇ ಹೋಗಿದ್ರೆ ಕೊಡ್ತಿದ್ರಾ?” ಎಂದಳು ಮೂಗಮ್ಮ.

“ಕೊಡಬಹುದಿತ್ತು. ಆದರೆ ಅರ್ಜಿದಾರರು ಖುದ್ದಾಗಿ ಹಾಜರಾಗಬೇಕು ತಾಯಿ.”

ಹುಚ್ಚಿನ ಪ್ರಶ್ನೆಯನ್ನು ಇತ್ಯರ್ಥಪಡಿಸಲು ನಾಯಿಯನ್ನೂ ಹಾಜರುಪಡಿಸತಕ್ಕದ್ದೆಂದು ಆದೇಶವಾಯಿತು.

ಗಡಿಯ ಕಡೆ ಬೆಳೆದ ಆ ನಾಯಿ ತೆಲುಗಿಗಲ್ಲದೆ ಬೇರೆ ಭಾಷೆಗೆ ಓಗೊಡುತ್ತಿರಲಿಲ್ಲ. ಮೂಗಮ್ಮ “ರಾ ರಾ” ಎಂದು ಕರೆದು ಬಸ್ಸು ಹತ್ತಿಸಿದಳು.

“ಕಚ್ಚೋ ನಾಯಾದ್ರೆ ಫುಲ್ ಟಿಕೆಟ್, ಕಚ್ಚದಿದ್ರೆ ಲಗೇಜು,” ಎಂದ ಕಂಡಕ್ಟರ್.

“ಕಚ್ಚಿರೋ ನಾಯೀನೇ ಕಣಣ್ಣ. ಫುಲ್ಲೇ ಹರಿ.”

ಆ ಟಿಕೆಟ್ಟನ್ನು, ನಾಯಿ ಕಚ್ಚಿದ್ದಕ್ಕೆ ಪುರಾವೆಯೆಂದು ಅರ್ಜಿಗೆ ಲಗತ್ತಿಸಲಾಯಿತು.

ಸಾಕ್ಷಿಯಾಗಿ ಬಂದಿದ್ದ, ಪಾತಣ್ಣನ ಹಟ್ಟಿಯ ಹಿರಿಯ ಮರುಳಪ್ಪ, ಈ ನಾಯಿಯ ತಾಯಿ ತಮ್ಮ ಹಟ್ಟಿಯದೆಂದೂ, ಹಟ್ಟಿಯ ನಾಯಿಗಳಿಗೆ ಹುಚ್ಚು ಹಿಡಿಯುವುದೇ ಇಲ್ಲವೆಂದೂ ಹೇಳಿಕೆ ಕೊಟ್ಟ. ಹಿಂದೊಮ್ಮೆ ಅವರ ಮೂಲಪುರುಷನು ಚಳಿಯಲ್ಲಿ ನಡುಗುತ್ತಿದ್ದ ನಾಯಿಗೆ ತನ್ನ ಕಂಬಳಿಯನ್ನೇ ಹೊದಿಸಿದನಂತೆ. ಆಗ ಅದು, ತನ್ನ ಕುಲಕ್ಕೆ ಹುಚ್ಚು ಹಿಡಿಯದೆಂದು ಮಾತು ಕೊಟ್ಟಿತಂತೆ. ಯಾವ ಭಾಷೆಯಲ್ಲಿ ಕೊಟ್ಟಿತೆಂಬುದರ ಬಗ್ಗೆ ಹಿರಿಯರಲ್ಲಿ ಒಮ್ಮತವಿಲ್ಲ. ಈ ಐತಿಹ್ಯಕ್ಕೆ ಬೇರೆ ಆಧಾರ ಯಾವುದೂ ಕಂಡುಬಂದಿಲ್ಲ. ಆದರೆ ಈಗ ಅದಕ್ಕೆ ಶಾಖೆಯ ಮೊಹರಿದೆ.

“ಈ ಸಂಗತಿ ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತೇ?” ಎಂದರು ಚಿಕ್ಕಬಸಪ್ಪನವರು.

“ಹಾಲು ಕುಡಿಯೋ ಕೂಸಿಗೂ ಗೊತ್ತೈತೆ ಸ್ವಾಮಿ,” ಎಂದ ಮರುಳಪ್ಪ, ಎದೆಯುಬ್ಬಿಸಿ.

“ಹಾಗಾದರೆ ಪಾತಣ್ಣನವರಿಗೂ ಗೊತ್ತಿತ್ತು. ಗೊತ್ತಿದ್ದೂ ಸೂಜಿ ಹಾಕಿಸಿಕೊಂಡಿದ್ದಾರೆ.”

“ಲೇ ಮರುಳ, ಬಾಯಿಗೆ ಬೀಗ ಹಾಕ್ಕೊಂಡು ಬರಬಾರ್ದಿತ್ತೇನ್ಲೇ?” ಎಂದ ಪಾತಣ್ಣ. ಅರ್ಜಿ ಪರಿಶೀಲನೆಗೆ ಮರಳಿತು.

ಇಷ್ಟರಲ್ಲಿ ಒಂದು ಲೋಪ ಬೆಳಕಿಗೆ ಬಂತು. ಕಚೇರಿಯ ಆವರಣಕ್ಕೆ ಬರುವ ಪ್ರತಿಯೊಂದು ಪ್ರಾಣಿಗೂ ಲಸಿಕೆ ಹಾಕತಕ್ಕದ್ದೆಂಬ ನಿಯಮವನ್ನು ಯಾರೂ ಪಾಲಿಸಿರಲಿಲ್ಲ. ಕೂಡಲೇ ನಾಯಿಯನ್ನು ಹಿಡಿದು ತೊಡೆಗೆ ಸೂಜಿ ಚುಚ್ಚಲಾಯಿತು. ಅದು ಮೆಟ್ಟಿಲಿಳಿಯುವಾಗ ಹಿಂಗಾಲು ಎಳೆಯತೊಡಗಿತು.

ಚಿಕ್ಕಬಸಪ್ಪನವರು ಎದ್ದು ನಿಂತರು. ಇಷ್ಟು ಪರಿಪೂರ್ಣವಾದ ಪ್ರಕರಣ ಅವರ ಸೇವಾವಧಿಯಲ್ಲೇ ಬಂದಿರಲಿಲ್ಲ. ಬಾಧಿತ ಜೀವಿ ಖುದ್ದಾಗಿ ಹಾಜರಿದೆ, ಹುಚ್ಚಿಲ್ಲವೆಂಬುದಕ್ಕೆ ಮೊಹರಿದೆ, ಬಾಧೆಯು ಅಧಿಕಾರಿಗಳ ಕಣ್ಣೆದುರೇ ಆಗಿದೆ. ಸಂಜೆಯೊಳಗೆ ಆದೇಶ ಹೊರಬಿತ್ತು: “ಬಾಧಿತ ಪ್ರಾಣಿಯನ್ನು ದಿನವೂ ಬಯಲಿನಲ್ಲಿ ಅಡ್ಡಾಡಿಸಲು, ಅದು ಗುಣವಾಗುವವರೆಗೆ, ಒಬ್ಬ ಸಹಾಯಕನನ್ನು ಮಂಜೂರು ಮಾಡಲಾಗಿದೆ. ಪ್ರಾಣಿಯು ಎತ್ತ ಹೋದರೆ ಸಹಾಯಕನೂ ಅತ್ತ ಹೋಗತಕ್ಕದ್ದು.”

“ಮಾಲೀಕರು ಯಾರು?” ಎಂದರು ಚಿಕ್ಕಬಸಪ್ಪನವರು.

“ನಮ್ದಲ್ಲ ಸ್ವಾಮಿ—” ಎಂದು ಪಾತಣ್ಣ ಬಾಯಿ ತೆರೆದ.

“ನಮ್ದೇ!” ಎಂದಳು ಮೂಗಮ್ಮ.

“ಯೋಚಿಸಿ ಹೇಳಿ. ಸ್ವಂತ ನಾಯಿ ಕಚ್ಚಿದರೆ ಅದು ಕೌಟುಂಬಿಕ ಕಲಹ. ಸರ್ಕಾರ ತಲೆಹಾಕುವಂತಿಲ್ಲ. ಪಾತಣ್ಣನವರ ಅರ್ಜಿ ಇಲ್ಲಿಗೇ ಮುಕ್ತಾಯವಾಗುತ್ತದೆ.”

ಪಾತಣ್ಣ ತನ್ನ ಕಾಲುಗಳನ್ನು ನೋಡಿಕೊಂಡ. ಮೂಗಮ್ಮ ಅವನ ಕಿವಿಯ ಹತ್ತಿರ ಬಗ್ಗಿದಳು.

“ನಮ್ಮ ನಾಯಾದ್ರೆ ದಿನಾ ಎಲ್ಲಿಗೆ ಹೋಗ್ತೈತೆ?”

“ಕುರಿ ಹೋದ್ ಕಡೆ.”

“ಮತ್ತೆ? ಒತ್ತು ಹೆಬ್ಬೆಟ್ಟು.”

ಅಂದಿನಿಂದ ಶಾಖೆಯ ದಿನಗೂಲಿ ನೌಕರ ಬಾಲರಾಜ್ ನಾಯಿಯ ಹಿಂದೆ, ನಾಯಿ ಕುರಿಗಳ ಹಿಂದೆ, ದೇವಸಮುದ್ರದ ಬಯಲಿನಲ್ಲಿ ನಡೆಯತೊಡಗಿದರು. ಮಂದೆ ಉಳಿಯಿತು. ನಾಯಿಯ ಕಾಲು ವಾರದೊಳಗೇ ನೆಟ್ಟಗಾಯಿತು. ಪಾತಣ್ಣನದು ಆಗಲಿಲ್ಲ.

ವರ್ಷ ತುಂಬಿದಾಗ ಚಿಕ್ಕಬಸಪ್ಪನವರು ತಪಾಸಣೆಗೆ ಬಂದರು. ನಾಯಿ ಬಾಲವಾಡಿಸುತ್ತಾ ಎದುರಿಗೇ ಓಡಿಬಂತು. ಮೂಗಮ್ಮ ಮೆಲ್ಲಗೆ, “ಕುಂಟರಾ” ಎಂದಳು. ನಾಯಿ ತಕ್ಷಣ ಹಿಂಗಾಲನ್ನು ಎಳೆಯಿತು. ಚಿಕ್ಕಬಸಪ್ಪನವರಿಗೆ ತೆಲುಗು ಬಾರದೆಂದಲ್ಲ. ಅದು ಶಾಖೆಯ ಆಡಳಿತ ಭಾಷೆಯಲ್ಲ. ನಾಯಿಯ ಹಿಂದೆ ಪಾತಣ್ಣನೂ ಕೋಲೂರಿ ಕಾಲೆಳೆಯುತ್ತಾ ಬಂದ. ಅವರು ಇಬ್ಬರನ್ನೂ ಬಹಳ ಹೊತ್ತು ಹೋಲಿಸಿ ನೋಡಿ ವರದಿ ಬರೆದರು:

“ನಾಯಿಯ ಕುಂಟು ನೈಜವಾಗಿದೆ, ಸಹಾಯಕನನ್ನು ಮುಂದುವರಿಸಬಹುದು. ಮಾಲೀಕರ ಕುಂಟಿನಲ್ಲಿ ಅಭಿನಯ ಕಂಡುಬಂದಿದೆ. ಸಾಕಿದ ಪ್ರಾಣಿಯ ಮೇಲಿನ ಮಮತೆಯೆಂದು ಪರಿಗಣಿಸಿ ಕ್ಷಮಿಸಲಾಗಿದೆ.”

ಬಾಲರಾಜ್ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಮರುಳಪ್ಪ ತಲೆದೂಗಿದ.

“ಸದ್ಯ,” ಎಂದು ಪಾತಣ್ಣ ಕೈಮುಗಿದ, “ಕ್ಷಮಿಸಿದ್ರಲ್ಲ.”