ಎಂ.ಸಿ. ನೀಲಿಯ ಅಪ್ಪ

ನನಗೊಂದು ಚಟವಿದೆ. ಬೀಡಿ, ತಂಬಾಕಿನಂಥದ್ದಲ್ಲ, ಅವನ್ನು ಮನಸ್ಸು ಮಾಡಿದರೆ ಬಿಡಬಹುದಂತೆ. ಯಾರಾದರೂ ಭಾಷಣಕ್ಕೆ ಕರೆದರೆ ಒಲ್ಲೆ ಎನ್ನಲು ನನಗೆ ಬರುವುದಿಲ್ಲ. ಹುನಗುಂದದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾ ತಲೆ ಬೆಳ್ಳಗಾದವನು ನಾನು. ಈ ನಡುವೆ ಹೈನುಗಾರಿಕೆಯ ಬಗ್ಗೆ ಮಾತಾಡಿದ್ದೇನೆ, ಹಲ್ಲಿನ ಆರೋಗ್ಯದ ಬಗ್ಗೆ ಮಾತಾಡಿದ್ದೇನೆ. ನಮ್ಮ ಮನೆಯಲ್ಲಿ ಎಮ್ಮೆಯಿಲ್ಲ. ನನ್ನ ಬಾಯಲ್ಲಿ ಮೂರು ಹಲ್ಲುಗಳಿಲ್ಲ. ‘ಶಾಲು ಹೊಚ್ಚತಾರಂದ್ರ ನೀವು ಸ್ಮಶಾನದಾಗೂ ಭಾಷಣಾ ಮಾಡ್ತೀರಿ’ ಎಂದು ಹೆಂಡತಿ ಗಿರಿಜಾ ಹೇಳುತ್ತಾಳೆ. ಅವಳಿಗೆ ನೆನಪಿಲ್ಲ, ಅದನ್ನೂ ಒಮ್ಮೆ ಮಾಡಿದ್ದೇನೆ.

ಹೀಗಿರುವಾಗ ಬಾದಾಮಿಯ ಕಾಲೇಜೊಂದರ ಪ್ರಾಂಶುಪಾಲರು ಫೋನ್ ಮಾಡಿದರು. ನನ್ನ ಮಗಳು ನೀಲಾ ಅಲ್ಲೇ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಾಳೆ. ‘ಸರ, ನಮ್ಮ ಸಾಂಸ್ಕೃತಿಕ ದಿನಕ್ಕ ನೀವ ಬರಬೇಕ್ರಿ. ಹಿಪ್ ಹಾಪ್ ಸಂಸ್ಕೃತಿ: ಅರ್ಥ ಮತ್ತು ವಿಕಾಸ, ಅಂತ ವಿಷಯಾ ಇಟ್ಟೇವ್ರಿ’ ಎಂದರು. ಸಂಸ್ಕೃತಿ, ಅರ್ಥ, ವಿಕಾಸ ಮೂರೂ ನನಗೆ ಹಳೆಯ ಪರಿಚಯದ ಶಬ್ದಗಳು. ಮುಂದೆ ಕುಳಿತ ಆ ಎರಡು ಪುಟ್ಟ ಶಬ್ದಗಳನ್ನು ಆಮೇಲೆ ನೋಡಿಕೊಂಡರಾಯಿತೆಂದು, ‘ಆಗಲ್ರಿ, ಅದು ನನಗ ಭಾಳ ಪ್ರೀತಿಯ ವಿಷಯಾ’ ಎಂದುಬಿಟ್ಟೆ. ಮಗಳಿಗೆ ಎಷ್ಟು ಹೆಮ್ಮೆಯಾದೀತು ಎಂದು ನೆನೆದು ನನಗೇ ಹೆಮ್ಮೆಯಾಯಿತು.

ಆ ರವಿವಾರ ನೀಲಾ ಇಳಕಲ್ಲಿನ ನಮ್ಮ ಮನೆಗೆ ಬಂದಳು. ರೊಟ್ಟಿ ತಿನ್ನುತ್ತಿದ್ದವಳ ಎದುರು ನಾನು ನೋಟ್‌ಬುಕ್ಕು ಹಿಡಿದು ಕುಳಿತೆ.

‘ನೀಲವ್ವಾ, ಈ ಹಿಪ್ ಹಾಪ್ ಅಂದ್ರ ಹಾಡೋ, ಕುಣಿತೋ?’

‘ಎರಡೂ ಹೌದ್ರಿ ಅಪ್ಪಾ. ಅದಕ ನಾಕ ಅಂಗ ಅದಾವು.’

ಸಂಖ್ಯೆಯೊಂದು ಸಿಕ್ಕಿತೆಂದರೆ ನನಗೆ ಅರ್ಧ ಭಾಷಣ ಸಿಕ್ಕಂತೆ. ಅವಳು ಬೆರಳು ಮಡಚುತ್ತಾ ಹೇಳಿದಳು: ಹಾಡಿನ ತಟ್ಟೆ ತಿರುಗಿಸುವ ಡಿ.ಜೆ., ತಾಳಕ್ಕೆ ಸರಿಯಾಗಿ ಪ್ರಾಸ ಕಟ್ಟಿ ಮಾತಾಡುವ ರ‍್ಯಾಪು, ನೆಲಕ್ಕೆ ಬಿದ್ದು ಗಿರಗಿರ ತಿರುಗುವ ಕುಣಿತ, ಗೋಡೆಯ ಮೇಲಿನ ಬಣ್ಣದ ಬರಹ. ಅಮೆರಿಕದ ದೊಡ್ಡ ಊರೊಂದರ ಬಡ ಓಣಿಗಳಲ್ಲಿ ಇದು ಹುಟ್ಟಿತಂತೆ. ವಾದ್ಯ ಕೊಳ್ಳುವ ಶಕ್ತಿಯಿಲ್ಲ, ಸಭಾಗೃಹದೊಳಗೆ ಬಿಡುವವರಿಲ್ಲ. ಹಳೆಯ ಹಾಡುಗಳಲ್ಲಿ ಬರಿಯ ತಾಳ ಬರುವ ತುಣುಕನ್ನು ಹಿಡಿದು, ಅದನ್ನೇ ಮತ್ತೆ ಮತ್ತೆ ಬಾರಿಸಿ, ಅದರ ಮೇಲೆ ತಮ್ಮ ಸಂಕಟ, ಜಂಬ, ಸಿಟ್ಟು ಎಲ್ಲ ಹೇಳಿಕೊಂಡರಂತೆ. ‘ಯಾರ ಮಾತ ಯಾರೂ ಕೇಳತಿದ್ದಿಲ್ಲೋ ಅವರು ಮಾತಾಡಾಕ ಹುಡಿಕ್ಕೊಂಡ ದಾರಿ ಅದು’ ಎಂದಳು. ಹಾಗೆನ್ನುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳೆಂದು ಆಮೇಲೆ ಗಿರಿಜಾ ಹೇಳಿದಳು. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ.

ಹದಿನಾಲ್ಕು ಪುಟದ ಭಾಷಣ ಸಿದ್ಧವಾಯಿತು. ಆದರೆ ಬಾದಾಮಿ ಬಸ್ ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಒಂದು ಮಂಗ ನನ್ನ ಕೈಚೀಲ ಕಸಿದುಕೊಂಡು ತಗಡಿನ ಮೇಲೆ ಹೋಗಿ ಕುಳಿತಿತು. ಒಳಗಿದ್ದ ಬಾಳೆಹಣ್ಣು ತಿಂದು, ಭಾಷಣದ ಮೊದಲ ಪುಟವನ್ನು ಸ್ವಲ್ಪ ಹೊತ್ತು ನೋಡಿ, ಹರಿದು ಹಾಕಿತು. ಉಳಿದ ಹದಿಮೂರನ್ನು ನೋಡದೆಯೇ ಹರಿಯಿತು.

ಹೀಗಾಗಿ ವೇದಿಕೆಯ ಮೇಲೆ ನೆನಪಿದ್ದಷ್ಟನ್ನೇ ಹೇಳಿದೆ. ನಾಲ್ಕು ಅಂಗಗಳನ್ನು ಹೇಳಿದೆ. ಗುಹೆಯ ಕಲ್ಲಿನ ಮೇಲೆ ಪ್ರಿಯತಮೆಯ ಹೆಸರು ಗೀಚುವುದು ನಾಲ್ಕನೆಯ ಅಂಗದಲ್ಲಿ ಬರುವುದಿಲ್ಲವೆಂದು ಎಚ್ಚರಿಸಿದೆ. ಮುಂದೆ ಹೇಳಲು ಏನೂ ತೋಚದೆ ನಮ್ಮ ಸೋದರಮಾವನ ಕಥೆ ತೆಗೆದೆ. ಅವನು ಗಂಡಿನ ಪಕ್ಷ ವಹಿಸುವ ಹರದೇಶಿ ಪದ ಹಾಡುತ್ತಿದ್ದ. ಎದುರಿಗೆ ನಾಗೇಶಿ ಮೇಳದ ಹೆಂಗಸೊಬ್ಬಳು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ಜಗಳ. ಒಮ್ಮೆ ಅವಳು ಹಾಕಿದ ಸವಾಲಿಗೆ ಉತ್ತರ ಸಿಗದೆ ಮಾವ ಡಪ್ಪು ಕೆಳಗಿಟ್ಟು, ‘ಈಕಿ ಗೆದ್ದಳ್ರೆಪಾ’ ಎಂದು ಕೈ ಮುಗಿದಿದ್ದ. ಮನೆಗೆ ಬಂದು ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಅವಳ ಪದವನ್ನೇ ಗುನುಗುತ್ತಿದ್ದ. ‘ಇದನ್ನೇ ಈಗಿನವರು ರ‍್ಯಾಪ್ ಬ್ಯಾಟಲ್ ಎನ್ನುತ್ತಾರೆ’ ಎಂದಾಗ ಹುಡುಗರು ಸಿಳ್ಳೆ ಹೊಡೆದರು. ನನ್ನ ಬದುಕಿನಲ್ಲಿ ಮೊದಲ ಸಿಳ್ಳೆ. ಮಂಗನಿಗೆ ಮನಸ್ಸಿನಲ್ಲೇ ನಮಸ್ಕರಿಸಿ ಕುಳಿತೆ.

ಆಮೇಲೆ ವಿದ್ಯಾರ್ಥಿಗಳ ರ‍್ಯಾಪ್ ಸ್ಪರ್ಧೆ. ‘ಈಗ ಎಂ.ಸಿ. ನೀಲಿ’ ಎಂದು ಕೂಗಿದರು. ಎಂ.ಸಿ. ಎಂದರೆ ಮಲ್ಲಪ್ಪ ಚನ್ನಪ್ಪ ಇರಬೇಕೆಂದುಕೊಂಡೆ; ರ‍್ಯಾಪು ಹೇಳುವವರಿಗೆ ಹಾಗೆನ್ನುತ್ತಾರೆಂದು ಆಮೇಲೆ ತಿಳಿಯಿತು. ಬಂದವಳು ನನ್ನ ಮಗಳು. ಮೈಮೇಲೆ ಅವಳ ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಹೊಲಿಸಿದ ಜಾಕೀಟು. ಅಂದರೆ ಗಿರಿಜಾಗೂ ಎಲ್ಲ ಗೊತ್ತಿತ್ತು! ಸ್ಪೀಕರಿನಿಂದ ಲಟಕ್ ಲಟಕ್ ಎಂದು ತಾಳ ಹೊರಟಿತು. ಅದು ನಮ್ಮ ಪಕ್ಕದ ಮನೆಯ ಕೈಮಗ್ಗದ ಸದ್ದು. ನೀಲಾ ಫೋನಿನಲ್ಲಿ ಹಿಡಿದು ತಂದಿದ್ದಳು. ಮೈಕು ಬಾಯಿಗೆ ಹತ್ತಿರ ಹಿಡಿದು ಶುರುಮಾಡಿದಳು:

‘ಉಪ್ಪಿಟ್ಟ ಬೇಕಂದ್ರ ವ್ಯಾಕರಣ ಕೇಳತಾನ,
ಚಹಾ ಕೊಟ್ಟ ಅವ್ವಗ ಸಂಧಿ ಯಾವುದ ಅಂತಾನ!’

ಸಭೆ ನಕ್ಕಿತು. ಪ್ರಾಂಶುಪಾಲರು ನನ್ನ ಕಡೆ ನೋಡಿದರು. ನಾನು ಯಾರ ಬಗ್ಗೆಯೋ ಎಂಬಂತೆ ನಕ್ಕೆ. ಆಗ ಅವಳ ದನಿ ಇಳಿಯಿತು.

‘ಎಂಟನೇ ಕ್ಲಾಸಿನ್ಯಾಗ ನಾನೊಂದ ಪದ್ಯಾ ಬರದೆ,
ಅಪ್ಪಗ ತೋರಸಾಕ ಓಡಿ ಓಡಿ ಬಂದೆ.
ಹನ್ನೊಂದ ತಪ್ಪ ಹುಡಕಿದಾ, ಕೆಂಪ ಗೀಟ ಎಳದಾ,
ಪದ್ಯಾ ಹೆಂಗೈತಿ ಅನ್ನೂದ ಹೇಳೂದ ಮರತಾ.’

ಮಗ್ಗ ಮಾತ್ರ ನೇಯುತ್ತಿತ್ತು. ನಾನು ಆ ಪದ್ಯವನ್ನು ನೆನಪಿಸಿಕೊಳ್ಳಲು ಹೆಣಗಾಡಿದೆ. ಒಂದು ಸಾಲೂ ಬರಲಿಲ್ಲ. ‘ಹೃದಯ’ವನ್ನು ‘ಹ್ರದಯ’ ಎಂದು ಬರೆದಿದ್ದಳು ಎಂಬುದೊಂದೇ ಸ್ಪಷ್ಟವಾಗಿ ನೆನಪಾಯಿತು. ಕಣ್ಣಿಗೆ ಏನೋ ಬಿದ್ದವನಂತೆ ಕನ್ನಡಕ ತೆಗೆದು ಒರೆಸಿದೆ. ಅವಳಿಗೆ ಎರಡನೆಯ ಬಹುಮಾನ ಬಂತು. ನಾನೇ ಕೊಡಬೇಕಾಯಿತು. ಕೊಡುವಾಗ ಇಬ್ಬರೂ ಫೋಟೊದವನನ್ನೇ ನೋಡಿದೆವು.

ಮರುದಿನ ಕಾಲೇಜಿಗೆ ರಜೆಯಿದ್ದುದರಿಂದ ನೀಲಾ ಅಂದು ಸಂಜೆ ನನ್ನೊಡನೆಯೇ ಬಸ್ಸು ಹತ್ತಿದಳು. ಗುಳೇದಗುಡ್ಡ ದಾಟುವವರೆಗೂ ಅವಳು ಕಿಟಕಿಯಾಚೆ ನೋಡಿದಳು, ನಾನು ಟಿಕೀಟಿನ ಮೇಲಿನ ಅಕ್ಷರ ಓದಿದೆ.

‘ಸಿಟ್ಟ ಬಂತೇನ್ರಿ ಅಪ್ಪಾ?’ ಎಂದಳು ಕಡೆಗೆ.

‘ಇಲ್ಲವಾ.’

‘ಖರೆ ಹೇಳ್ರಿ.’

‘ಮನ್ಯಾಗ ಹೇಳಬಹುದಿತ್ತಲಾ?’

‘ಮನ್ಯಾಗ ಹೇಳಿದ್ರ ನೀವು ಎರಡನೇ ಸಾಲಿಗೇ ತಡದು ತಿದ್ದತಿದ್ರಿ. ಅದಕ ಪ್ರಿನ್ಸಿಪಾಲರಿಗೆ ನಾನ ನಿಮ್ಮ ಹೆಸರ ಹೇಳಿದೆ. ಸ್ಟೇಜ್ ಮ್ಯಾಲೆ ಕುಂದರಿಸಿದ್ರ ನಡಬರಕ ಬಾಯಿ ಹಾಕಾಕ ಬರಂಗಿಲ್ಲ ನೋಡ್ರಿ.’

ನನ್ನ ವಿದ್ವತ್ತನ್ನು ಮೆಚ್ಚಿ ಕರೆದರೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಗಂಟಲು ಸರಿಮಾಡಿಕೊಂಡು, ‘ಭಾಳ ಚಂದ ಇತ್ತ ನೀಲವ್ವಾ. ಇನ್ನೊಮ್ಮೆ ಹೇಳು, ಪೂರಾ ಕೇಳತೇನಿ’ ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ನಂತರ ಮುಂದಿನ ಸೀಟಿನ ಕಬ್ಬಿಣದ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಾನು ತುಟಿ ಬಿಚ್ಚಲಿಲ್ಲ. ಮುಗಿದಾಗ ಮುಂದಿನ ಸೀಟಿನ ಮುದುಕಿಯೊಬ್ಬಳು ಪೂರ್ತಿ ಹಿಂದೆ ತಿರುಗಿ ಕುಳಿತಿದ್ದಳು.

‘ಎಷ್ಟ ಚಂದ ಹಾಡಿದೆ ಯವ್ವಾ! ಖರೇನ ಅಂಥಾ ಅಪ್ಪ ಅದಾನೇನ? ಕೂಸಿನ ಪದಾ ಬಿಟ್ಟು ತಪ್ಪ ಎಣಸಾಂವಾ? ಯಾ ಊರಾಂವ ಅಂವಾ?’

ನೀಲಾ ಸೆರಗಿಲ್ಲದ ಜಾಕೀಟಿನ ತೋಳಿನಲ್ಲೇ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ಮುದುಕಿಯೂ ನನ್ನನ್ನೇ ನೋಡಿದಳು.

‘ಹುನಗುಂದದ ಕಡೆ ಯಾವನೋ ಮಾಸ್ತರ ಅಂತ್ರಿ ಯಮ್ಮಾ,’ ಎಂದೆ, ‘ಭಾಳ ಕಿರಿಕಿರಿ ಮನಷ್ಯಾ ಅಂತ.’